ಪಕ್ಕದ ಹೊಲದ ಸುದ್ದಿ

ಹತ್ತಿಯ ಎಲೆ ಅಂಗೈ ಅಗಲ ಇರಬೇಕು. ಆ ಶ್ರಾವಣದಲ್ಲಿ ನಮ್ಮ ಬೆಳಗಲಿಯ ಮೂರೆಕರೆ ಹತ್ತಿಯಲ್ಲಿ ಹೊಸದಾಗಿ ಚಿಗುರಿದ ಒಂದು ಎಲೆಯೂ ಹಾಗಿರಲಿಲ್ಲ. ಎಲ್ಲ ಸಪೂರ, ಸೀಳು ಸೀಳು. ನರಗಳು ಒಂದರ ಮಗ್ಗುಲಿಗೆ ಒಂದು ಎದ್ದು ನಿಂತಿದ್ದವು, ತುದಿ ಕೆಳಗೆ ಮುರುಟಿತ್ತು. ಹೂವಾಗಬೇಕಾದ ಮೊಗ್ಗು ಸಾಲಿನ ತುಂಬ ಉದುರಿ ಬಿದ್ದಿತ್ತು. ಹೊಲದವನು ಸಂಬಂಧದಲ್ಲಿ ನನಗೆ ಅಣ್ಣನಾಗಬೇಕು. ಮೊದಲು ರೋಗ ಅಂದ, ಆಮೇಲೆ ಬೀಜ ಖೊಟ್ಟಿ ಅಂದ. ಬಿಟಿ ಹತ್ತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಆ ಬೀಜ ನಮ್ಮೂರಿಗೆ ಬಂದು ಎರಡು-ಮೂರು ಹಂಗಾಮು ಆಗಿತ್ತಷ್ಟೆ, ಹೊಲದಲ್ಲಿ ಏನೇ ಆದರೂ ಮೊದಲ ಬೈಗುಳ ಅದಕ್ಕೇ. ಅಂಗಡಿಯವನ ಮೇಲೆ ಕೇಸು ಹಾಕುತ್ತೇನೆ ಎಂದು ಕೂಗಾಡುತ್ತಿದ್ದಾಗ, ಕಸ ತೆಗೆಯಲು ಬಂದಿದ್ದ ಮುದುಕಿಯೊಬ್ಬಳು ಕುರ್ಪಿ ಕೆಳಗಿಟ್ಟು ಎದ್ದು ನಿಂತಳು.

"ಯಪ್ಪಾ, ಬೀಜಕ್ಯಾಕ ಬೈತಿ? ಬದುವಿನ ಮ್ಯಾಲಿನ ಗುರೆಳ್ಳ ನೋಡು, ಅದೂ ಹಂಗ ತಿರುವಿಕೊಂಡೈತಿ. ಅದಕ್ಕೇನ ಕಂಪನಿ ಬೀಜ ಹಾಕಿದ್ದಿ?"

ಎಲ್ಲರೂ ಬದುವಿನ ಕಡೆ ನೋಡಿದರು. ಬದುವಿನ ಆಚೆ, ಪಡುವಣಕ್ಕೆ, ಸಂಬಂಧದಲ್ಲಿ ಕಾಕಾ ಆಗುವ ಇನ್ನೊಬ್ಬನ ಕಬ್ಬು. ಹಚ್ಚಗೆ, ಒಂದು ಕಸದ ಕಡ್ಡಿ ಇಲ್ಲದೆ.

ಗಾಣದ ಒಲೆಗೆ ರವದಿ ತುರುಕಿ ಸುತ್ತ ಕೂತಾಗ ಹುಡುಗರು ಇದನ್ನೇ ಮತ್ತೆ ಮತ್ತೆ ಹೇಳಿಸುತ್ತಾರೆ. ಅವರಿಗೆ ನ್ಯಾಯ ಕೂತದ್ದು ಬೇಕು, ಬೈದಾಡಿದ್ದು ಬೇಕು. ನನಗೆ ಅದಕ್ಕೂ ಹಿಂದಿನದನ್ನು ಹೇಳದೆ ಸಮಾಧಾನವಿಲ್ಲ. ಮಾಸ್ತರಿಕೆ ಬಿಟ್ಟರೂ ಚಟ ಬಿಟ್ಟಿಲ್ಲ.

ನಮ್ಮದು ಎರೆ ನೆಲ. ಅಪ್ಪನ ಕಾಲಕ್ಕೆ ಬಿಳಿಜೋಳ, ಹತ್ತಿ, ಕುಸುಬಿ. ಘಟಪ್ರಭೆಯ ಕಾಲುವೆ ನೀರು, ಆಮೇಲೆ ಹೊಳೆಯಿಂದ ಪೈಪು, ಬೋರು ಬಂದ ಮೇಲೆ ಮುಧೋಳ ಸೀಮೆಯೆಲ್ಲ ಕಬ್ಬಾಯಿತು. ಕಾರ್ಖಾನೆಗೆ ಹೋಗದ ಕಬ್ಬು ಗಾಣಕ್ಕೆ, ಗಾಣದ ಬೆಲ್ಲ ಮಹಾಲಿಂಗಪುರದ ಪೇಟೆಗೆ. ನೆಟ್ಟ ಮೊದಲ ಮೂರು-ನಾಲ್ಕು ತಿಂಗಳು ಕಸಕ್ಕೆ ಎಡೆ ಕೊಟ್ಟರೆ ಕಬ್ಬು ಮೇಲೇಳುವುದಿಲ್ಲ. ಎತ್ತಿದ್ದಾಗ ಎಡೆ ಹೊಡೆಯುತ್ತಿದ್ದೆವು, ಸಾಲಿನೊಳಗಿನದನ್ನು ಹೆಣ್ಣಾಳು ಕೂತು ತೆಗೆಯುತ್ತಿದ್ದರು. ಎತ್ತು ಸಂತೆಗೆ ಹೋದವು. ಆಳು ಸಿಗುವುದು, ಸಿಕ್ಕರೂ ಕೂಲಿ ಹೊಂದಿಸುವುದು ದೊಡ್ಡ ಪಾಡಾಯಿತು. ಕಸದ ಎಣ್ಣಿ, ಅಂದರೆ ಕಳೆನಾಶಕ, ನಮ್ಮೂರಿಗೆ ಬಂದದ್ದು ಆ ಖಾಲಿ ಜಾಗಕ್ಕೆ. ಅದನ್ನು ಕೊಂಡವರನ್ನು ಸೋಮಾರಿಗಳು ಎನ್ನುವ ಪಟ್ಟಣದ ಜಾಣರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಆ ವರ್ಷ ಕಂಪನಿಯೊಂದರ ಹುಡುಗ ಗುಡಿಯ ಮುಂದೆ ಶಾಮಿಯಾನ ಹಾಕಿಸಿ ರೈತರ ಸಭೆ ಮಾಡಿದ್ದ. ಉಪ್ಪಿಟ್ಟು, ಚಹಾ, ಒಬ್ಬೊಬ್ಬರಿಗೆ ಒಂದೊಂದು ಟೋಪಿ. ಕೃಷಿ ಪದವಿ ಓದಿದವನು, ಮಾತು ಚೊಕ್ಕ. "ಇದನ್ನ ಹೊಡದ್ರ ಕಸ ಸಾಯ್ತದ, ಕಬ್ಬಿಗೆ ಏನೂ ಆಗೂದಿಲ್ರಿ. ಹತ್ತ ಆಳಿನ ಕೆಲಸ ಒಂದ ಡಬ್ಬಿ ಮಾಡತದ" ಎಂದ. ಕಾಕಾ ಮರುದಿನವೇ ಪಟ್ಟಣದ ಅಂಗಡಿಗೆ ಹೋಗಿ ಉದ್ರಿಯಲ್ಲಿ ತಂದ. ಆಷಾಢದ ಗಾಳಿ ಇನ್ನೂ ಪೂರ್ತಿ ಇಳಿದಿರಲಿಲ್ಲ. ಬಿಸಿಲೇರಿದ ಹೊತ್ತಿನಲ್ಲಿ, ಚಡ್ಡಿ ಮೇಲೆ, ಬರಿಗಾಲಲ್ಲಿ, ಬೆನ್ನಿಗೆ ಪಂಪು ಕಟ್ಟಿಕೊಂಡು ಕೂಲಿ ಹುಡುಗನೊಬ್ಬ ಹೊಡೆದ. ಗಾಳಿ ಪಡುವಣದಿಂದ ಮೂಡಣಕ್ಕೆ, ಅಂದರೆ ಕಬ್ಬಿನಿಂದ ಹತ್ತಿಯ ಕಡೆಗೆ.

ಹೊಡೆದದ್ದು 2,4-ಡಿ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಇಂಗ್ಲೆಂಡ್, ಅಮೆರಿಕದ ಪ್ರಯೋಗಾಲಯಗಳಲ್ಲಿ ಗುಟ್ಟಾಗಿ ಹುಟ್ಟಿ, ಯುದ್ಧ ಮುಗಿದ ಕೂಡಲೇ ಪೇಟೆಗಿಳಿದ ಸರಕು. ಮುಂದೆ ವಿಯೆಟ್ನಾಂ ಕಾಡಿನ ಮೇಲೆ ಅಮೆರಿಕ ಸುರಿದ ಏಜೆಂಟ್ ಆರೆಂಜ್‌ನ ಅರ್ಧ ಪಾಲು ಇದೇ. ಅದರ ಕುಖ್ಯಾತ ಡಯಾಕ್ಸಿನ್ ವಿಷ ಬಂದದ್ದು ಇನ್ನರ್ಧದಿಂದ, 2,4,5-ಟಿಯಿಂದ, ಎನ್ನುವುದನ್ನೂ ಹೇಳಬೇಕು. ಗಿಡದೊಳಗಿನ ಬೆಳವಣಿಗೆಯ ರಸದಂತೆಯೇ ಇದು ವೇಷ ಹಾಕುತ್ತದೆ. ಅಗಲ ಎಲೆಯ ಗಿಡ ಮೋಸಹೋಗಿ ಅಂಕೆ ತಪ್ಪಿ ಬೆಳೆದು, ತಿರುಚಿಕೊಂಡು ಸಾಯುತ್ತದೆ. ಹುಲ್ಲಿನ ಜಾತಿಯವು ತಾಳಿಕೊಳ್ಳುತ್ತವೆ, ಕಬ್ಬು ಹುಲ್ಲಿನ ಜಾತಿ. ಹತ್ತಿಯಷ್ಟು ಬೇಗ ಇದಕ್ಕೆ ಬಲಿಯಾಗುವ ಬೆಳೆ ಕಡಿಮೆ. ಗಾಳಿಯಲ್ಲಿ ತೇಲಿ ಬಂದ ಚೂರುಪಾರು ಸಾಕು. ಅದರಲ್ಲೂ ಈಥೈಲ್ ಎಸ್ಟರ್ ರೂಪದ್ದು ಹೊಡೆದ ಮೇಲೂ ಸುಮ್ಮನಿರುವುದಿಲ್ಲ, ಬಿಸಿಲಿಗೆ ಆವಿಯಾಗಿ ಮತ್ತೆ ಎದ್ದು ಹೋಗುತ್ತದೆ. ಅಮೈನ್ ಲವಣದ ರೂಪ ಅಷ್ಟು ಆವಿಯಾಗುವುದಿಲ್ಲ. ಎರಡೂ ನಮ್ಮ ದೇಶದಲ್ಲಿ ಸಿಗುತ್ತವೆ. ಕಾಕಾನ ಕೈಗೆ ಅಂಗಡಿಯವನು ಇಟ್ಟದ್ದು ಎಸ್ಟರ್.

ಶಾಮಿಯಾನದ ಕೆಳಗೆ ಆ ಹುಡುಗ ಆಡಿದ ಒಂದು ಮಾತೂ ಸುಳ್ಳಲ್ಲ. ಕಸ ಸತ್ತಿತು, ಕಬ್ಬಿಗೆ ಏನೂ ಆಗಲಿಲ್ಲ. ಪಕ್ಕದ ಹೊಲದ ಸುದ್ದಿ ಮಾತ್ರ ಅವನು ತೆಗೆಯಲಿಲ್ಲ.

ಇನ್ನು ನ್ಯಾಯ ಕೂತದ್ದು. ಅಣ್ಣ ಮೊದಲು ಕಾಕಾನ ಮೇಲೆ ಹರಿಹಾಯ್ದ. ಕಾಕಾ, "ನಾ ನನ್ನ ಹೊಲಕ್ಕ ಹೊಡದೀನಿ, ಗಾಳಿಗೆ ನಾ ಹೇಳಿ ಕಳಿಸೀನೇನ?" ಎಂದ. ಕೊಡಲಿ ಹಿಡಿಯುವ ಹಂತಕ್ಕೆ ಹೋದಾಗ ಹಿರಿಯರು ಗುಡಿಯ ಕಟ್ಟೆಯ ಮೇಲೆ ಇಬ್ಬರನ್ನೂ ಕೂರಿಸಿದರು. ಯಾರೋ ಅಂಗಡಿಯವನನ್ನೂ ಕರೆಸಿದರು. ಆತ ಬಂದದ್ದೇ ಎಲ್ಲರಿಗೂ ಆಶ್ಚರ್ಯ. ಮೋಟರ್‌ಸೈಕಲ್ ನಿಲ್ಲಿಸಿ, ಜೇಬಿನಿಂದ ಒಂದು ಹಾಳೆ ತೆಗೆದು, ಬಿಡಿಸಿ, ನನ್ನ ಕೈಗೆ ಕೊಟ್ಟ.

"ಮಾಸ್ತರ್ರ, ನೀವ ಓದ್ರಿ. ಎಲ್ಲಾರೂ ಕೇಳ್ಲಿ."

1968ರ ಕೀಟನಾಶಕ ಕಾಯ್ದೆ, 1971ರ ಅದರ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಜೊತೆ ಇರಲೇಬೇಕಾದ ಮಾಹಿತಿ ಹಾಳೆ ಅದು. ಇಂಗ್ಲಿಷು, ಹಿಂದಿ, ಇನ್ನೂ ಒಂದೆರಡು ಭಾಷೆ, ನಡುವೆ ಕನ್ನಡ. ಕನ್ನಡಕ ಹಾಕಿಕೊಂಡರೂ ಬೆಳಕಿಗೆ ಹಿಡಿದೇ ಓದಬೇಕು, ಅಷ್ಟು ಸಣ್ಣ ಅಕ್ಷರ. ಓದಿದೆ. ಗಾಳಿ ಜೋರಿದ್ದಾಗ ಸಿಂಪಡಿಸಬಾರದು. ಪಕ್ಕದ ಹತ್ತಿ ಮತ್ತು ಅಗಲ ಎಲೆಯ ಬೆಳೆಗೆ ತಾಗದಂತೆ ನೋಡಿಕೊಳ್ಳಬೇಕು. ಕೈಗವಸು, ಮುಖಗವಸು, ಕನ್ನಡಕ, ಮೈತುಂಬ ಬಟ್ಟೆ. ಖಾಲಿ ಡಬ್ಬಿ ಜಜ್ಜಿ ಹೂಳಬೇಕು. ಎಲ್ಲ ಇತ್ತು. ಓದುತ್ತಾ ಹೋದಂತೆ ಕಾಕಾ ತಲೆ ತಗ್ಗಿಸಿದ. ಆತನಿಗೆ ಬರುವುದು ತನ್ನ ಹೆಸರಿನ ಸಹಿ ಮಾತ್ರ.

"ಕೇಳಿದಿರಲ್ಲ?" ಎಂದ ಅಂಗಡಿಯವನು. "ಎಲ್ಲಾ ಬರದಾರ. ಓದದಿದ್ರ ನಾವೇನ ಮಾಡೂದು, ಕಂಪನಿಯವರರೆ ಏನ ಮಾಡೂದು?"

ಹಾಳೆ ಹೊಸದು, ಮಡಿಕೆ ಇನ್ನೂ ಗರಿಗರಿಯಾಗಿತ್ತು. ಬೇರೊಂದು ಡಬ್ಬಿಯದನ್ನು ಬಿಚ್ಚಿಕೊಂಡು ಬಂದಿದ್ದ. ಕಾಕಾ ಕೊಂಡ ಡಬ್ಬಿಯ ಹಾಳೆ ಎಲ್ಲಿ ಹೋಯಿತೋ, ಕಟ್ಟೆಯ ಮೇಲಿದ್ದವರು ಯಾರೂ ಅದನ್ನು ಕಂಡಿರಲಿಲ್ಲ. ಆದರೂ ಆ ಗಳಿಗೆಯಲ್ಲಿ ನ್ಯಾಯ ಮುಗಿದೇ ಹೋದಂತೆ ಎಲ್ಲರೂ ಸುಮ್ಮನಾದರು. ಅಚ್ಚಾದ ಅಕ್ಷರದ ಮುಂದೆ ನಮ್ಮ ಜನ ಬೇಗ ಸೋಲುತ್ತಾರೆ.

ಆಗ ಬಾಯಿ ತೆಗೆದವಳು ಅದೇ ಮುದುಕಿ. ಆಕೆ ಬಳೆಗಾರರ ಮನೆಯವಳು. ಗಂಡ ಇದ್ದಾಗ ಇಬ್ಬರೂ ಸುತ್ತಲ ಹಳ್ಳಿಗಳಿಗೆ ಬಳೆಯ ಮಲಾರ ಹೊತ್ತು ತಿರುಗುತ್ತಿದ್ದರು. ಜಾತ್ರೆ, ಪೇಟೆಯಲ್ಲಿ ಬಳೆಯ ಅಂಗಡಿ ಹೆಚ್ಚಾದ ಮೇಲೆ ಕೂಲಿಗೆ ಇಳಿದಿದ್ದಳು.

"ಸಾವ್ಕಾರ್ರ, ಒಂದ ಮಾತ ಕೇಳ್ತೀನ್ರಿ. ಬಳಿ ಇಡೂವಾಗ ನನ್ನ ಕೈಯಾಗ ಒಡದ ಬಳಿ ರೊಕ್ಕ ನಾ ಯಾರ ಹಂತೇಕನೂ ಇಸಗೊಂಡಿಲ್ಲ. ಆಕಿ ಕೈ ದಪ್ಪೈತಿ ಅಂತ ಜಗಳಾ ತಗದಿಲ್ಲ. ಕೈ ನೋಡಿ ಅಳತಿ ಆರಿಸಿದಾಕಿ ನಾನಲ್ಲೇನ್ರಿ? ನೀವು ಇವನಿಗೆ ಡಬ್ಬಿ ಕೊಡೂವಾಗ ಇವನ ಹೊಲದ ಮಗ್ಗಲಕ ಏನೈತಿ ಅಂತ ಕೇಳೀರೇನ?"

"ಆಯಿ, ಅದು ಬಳಿ. ಇದು ಔಷಧ" ಎಂದ ಆತ. ನಾಲ್ಕು ಜನ ನಕ್ಕರು. ಮಾತು ಅಲ್ಲಿಗೆ ಹಾರಿಹೋಯಿತು.

ನಮ್ಮೂರಿನ ಹೆಸರಿನ ಹಿಂದೆ ರನ್ನನ ಹೆಸರಿದೆ. 949ರಲ್ಲಿ ಹುಟ್ಟಿದ ಈ ಕವಿ ಬಳೆಗಾರ ಕುಲದವನು, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ ಎಂದು ಶಾಲೆಯಲ್ಲಿ ಎಷ್ಟೋ ತಂಡದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಗದಾಯುದ್ಧ ಯಾರಿಗೆ ಬರೆದ, ಯಾವ ಚಕ್ರವರ್ತಿಯ ಆಸ್ಥಾನ ಎಂದು ಪರೀಕ್ಷೆಯಲ್ಲಿ ಕೇಳಿದ್ದೇನೆ. ಬಳೆಗಾರರ ವ್ಯಾಪಾರಕ್ಕೆ ಇಂಥದೊಂದು ಕಟ್ಟಳೆ ಇತ್ತು ಎನ್ನುವುದು ಯಾವ ಪಠ್ಯದಲ್ಲೂ ಇರಲಿಲ್ಲ.

ತೀರ್ಪು ಹೀಗಾಯಿತು: ಕಾಕಾ ಅಣ್ಣನಿಗೆ ಅರ್ಧ ಫಸಲಿನ ಬೆಲೆ ಕೊಡಬೇಕು, ಕಬ್ಬಿನ ಬಿಲ್ ಬಂದ ಮೇಲೆ. ಅಂಗಡಿಯವನು ಕೊಡಬೇಕಾದ್ದು ಏನೂ ಇಲ್ಲ. ಕಾಕಾನ ಉದ್ರಿ ಬಡ್ಡಿ ಸಮೇತ ಅವನಿಗೇ ಬರಬೇಕು. ಕಂಪನಿಯ ಹೆಸರನ್ನು ಯಾರೂ ಎತ್ತಲಿಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ ಬಂದಾಗ ಮುಂದಿನ ಮುಂಗಾರು ಶುರುವಾಗಿತ್ತು. ಅಷ್ಟರಲ್ಲಿ ಅಣ್ಣ ಹತ್ತಿಯನ್ನು ಕಿತ್ತು, ಸಾಲ ಮಾಡಿ, ತಾನೂ ಕಬ್ಬು ನೆಟ್ಟಿದ್ದ. ಕಬ್ಬಿಗೆ ಯಾರ ಎಣ್ಣಿ ತೇಲಿಬಂದರೂ ಭಯವಿಲ್ಲವಲ್ಲ. ಹತ್ತಿ ನಮ್ಮ ಆ ಮೂಲೆಯಿಂದ ಹೋದದ್ದು ಹೀಗೂ ಒಂದಿಷ್ಟು.

ದಸರೆ ರಜೆಯಲ್ಲಿ ಆ ಕಂಪನಿಯ ಹುಡುಗ ನಮ್ಮ ಮನೆಗೆ ಬಂದಿದ್ದ. ಬೇರೆ ಜಿಲ್ಲೆಗೆ ವರ್ಗವಾಗಿತ್ತು, ಹೋಗುವ ಮುಂಚೆ ಚಹಾ ಕುಡಿಯಲು. ನಾನು ಹಾಳೆಯ ಮಾತು ತೆಗೆದೆ. ಅವನು ಬಚ್ಚಿಡಲಿಲ್ಲ. "ಸರ, ಗಾಳಿ ಸುದ್ದಿ, ಹತ್ತಿ ಸುದ್ದಿ ಸಭೆಯೊಳಗ ಹೇಳಿದ್ರ ಅರ್ಧ ಜನ ತಗೊಳ್ಳೂದಿಲ್ರಿ. ನಮಗ ತಿಂಗಳಾ ಟಾರ್ಗೆಟ್ ಇರತೈತಿ." ಅಂಗಡಿಯವರಿಗೂ ಇರುತ್ತದೆ. ಇಂತಿಷ್ಟು ಲೀಟರ್ ಎತ್ತಿದರೆ ಬಂಗಾರದ ನಾಣ್ಯ, ಇನ್ನಷ್ಟು ಎತ್ತಿದರೆ ಬ್ಯಾಂಕಾಕ್ ಪ್ರವಾಸ. ಎಚ್ಚರಿಕೆ ಹೇಳಿದವನಿಗೆ ಯಾವ ಸ್ಕೀಮೂ ಇಲ್ಲ. ಹುಡುಗ ಒಳ್ಳೆಯವನೇ. ಅವನ ಸಂಬಳ ಮಾತ್ರ ಅವನು ಬಾಯಿ ಮುಚ್ಚಿಕೊಂಡ ಕಡೆಯಿಂದ ಬರುತ್ತಿತ್ತು.

ಅಲ್ಲಿಂದೀಚೆಗೆ ಕಳೆನಾಶಕದ ಸುದ್ದಿ ಪೇಪರಿನಲ್ಲಿ ಎಲ್ಲಿ ಕಂಡರೂ ಕತ್ತರಿಸಿ ಇಟ್ಟುಕೊಳ್ಳುತ್ತಾ ಬಂದೆ. ಗುಡಿಯ ಕಟ್ಟೆಯ ಮೇಲೆ ನಡೆದದ್ದೇ ದೊಡ್ಡ ದೊಡ್ಡ ಊರುಗಳಲ್ಲಿ, ದೊಡ್ಡ ದೊಡ್ಡ ವಕೀಲರ ಬಾಯಲ್ಲಿ ನಡೆಯುತ್ತಿತ್ತು.

ನಮ್ಮ ಕಬ್ಬಿಗೂ ಗೋವಿನಜೋಳಕ್ಕೂ ಹೊಡೆಯುವ ಅಟ್ರಾಜಿನ್ ಪುಡಿಯನ್ನೇ ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಗೈಗಿ ಕಂಪನಿ 1958ರಲ್ಲಿ ಪೇಟೆಗೆ ತಂದದ್ದು. ಈಗ ಅದರ ವಾರಸುದಾರ ಸಿಂಜೆಂಟಾ. ಅಂತರ್ಜಲದಲ್ಲಿ ಮಿತಿ ಮೀರಿ ಸಿಗುತ್ತಿದೆ ಎಂದು ಯುರೋಪಿನ ಒಕ್ಕೂಟ 2004ರಲ್ಲಿ ಅದಕ್ಕೆ ಬಾಗಿಲು ಹಾಕಿತು. ಅಮೆರಿಕದಲ್ಲಿ ಮಾರಾಟ ನಡೆದೇ ಇತ್ತು. ಅಲ್ಲಿ ಕುಡಿಯುವ ನೀರು ಪೂರೈಸುವ ಸಂಸ್ಥೆಗಳು, ಈ ಪುಡಿಯನ್ನು ಸೋಸಿ ತೆಗೆಯುವ ಖರ್ಚು ನಮ್ಮದೇಕೆ ಎಂದು ದಾವೆ ಹೂಡಿದವು. 2012ರಲ್ಲಿ ಕಂಪನಿ 10.5 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು, ತಪ್ಪು ಒಪ್ಪಿಕೊಳ್ಳದೆ. ಕಪ್ಪೆಗಳ ಮೇಲೆ ಅದರ ಪರಿಣಾಮ ತೋರಿಸಿದ ಬರ್ಕ್ಲಿಯ ವಿಜ್ಞಾನಿ ಟೈರೋನ್ ಹೇಯ್ಸ್ ಅವರ ಹೆಸರು ಕೆಡಿಸುವುದು ಹೇಗೆಂದು ಕಂಪನಿಯವರು ಬರೆದುಕೊಂಡ ಟಿಪ್ಪಣಿಗಳು ಅದೇ ದಾವೆಯ ಕಾಗದಗಳಲ್ಲಿ ಹೊರಬಿದ್ದವು. ನಮ್ಮ ಬೋರಿನ ನೀರಿನಲ್ಲಿ ಆ ಪುಡಿ ಎಷ್ಟಿದೆ ಎಂದು ಅಳೆಯಲು ಬಂದವರನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಗ್ಲೈಫೊಸೇಟ್. 1974ರಲ್ಲಿ ಮೊನ್ಸಾಂಟೊ ಅದನ್ನು ರೌಂಡಪ್ ಎಂಬ ಹೆಸರಿನಲ್ಲಿ ತಂದಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದು ಬಹುಶಃ ಕ್ಯಾನ್ಸರ್‌ಕಾರಕ ಎಂದಿತು. ಅಮೆರಿಕದ, ಯುರೋಪಿನ ನಿಯಂತ್ರಕರು ಹಾಗಲ್ಲ ಎಂದರು. ಆ ಜಗಳ ನಾನು ಬಿಡಿಸುವಂಥದ್ದಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಡುವೇನ್ ಜಾನ್ಸನ್ ಎಂಬವನ ಮೊಕದ್ದಮೆ. ಕ್ಯಾಲಿಫೋರ್ನಿಯದ ಶಾಲೆಗಳ ಆವರಣದಲ್ಲಿ ಹುಲ್ಲಿಗೆ ಎಣ್ಣಿ ಹೊಡೆಯುವ ಕೆಲಸದವನು, ಅಂದರೆ ನಮ್ಮ ಪಂಪಿನ ಹುಡುಗನ ಸರೀಕ. ಮೈಮೇಲೆ ಹುಣ್ಣೆದ್ದಾಗ ಕಂಪನಿಗೇ ಫೋನ್ ಮಾಡಿ ಕೇಳಿದ್ದೆ, ಉತ್ತರ ಬರಲಿಲ್ಲ ಎಂದು ಕೋರ್ಟಿನಲ್ಲಿ ಹೇಳಿದ. 2018ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜ್ಯೂರಿ 28.9 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಮೇಲಿನ ಕೋರ್ಟುಗಳಲ್ಲಿ ಅದು ಇಳಿದು 2.05 ಕೋಟಿಗೆ ನಿಂತಿತು. ಆ ಹೊತ್ತಿಗೆ ಮೊನ್ಸಾಂಟೊವನ್ನು ಕೊಂಡಿದ್ದ ಜರ್ಮನಿಯ ಬಾಯರ್, ಇಂಥ ಸಾವಿರಾರು ದಾವೆಗಳ ರಾಜಿಗೆ 1,000 ಕೋಟಿ ಡಾಲರಿಗೂ ಹೆಚ್ಚು ತೆಗೆದಿಡುವುದಾಗಿ 2020ರಲ್ಲಿ ಸಾರಿತು, ತಪ್ಪು ಒಪ್ಪಿಕೊಳ್ಳದೆಯೇ.

ಜಾನ್ಸನ್ ಗೆದ್ದದ್ದರಲ್ಲಿ ಒಂದು ಮುಖ್ಯ ಅಂಶ ಡಬ್ಬಿಯ ಮೇಲೆ ಸಾಕಷ್ಟು ಎಚ್ಚರಿಕೆ ಬರೆದಿರಲಿಲ್ಲ ಎನ್ನುವುದು. ಅಲ್ಲಿ ಬರೆಯದೆ ಸಿಕ್ಕಿಬಿದ್ದರು. ನಮ್ಮ ಕಟ್ಟೆಯ ಮೇಲೆ ಬರೆದು ಪಾರಾದರು. ಬೆಳಗಲಿಯಲ್ಲಿ ಆ ಹಾಳೆ ಇದ್ದದ್ದು ಕಾಕಾ ಓದಲಿ ಎಂದಲ್ಲ, ಮುಂದೊಂದು ದಿನ ನನ್ನಂಥವನು ಜನರ ಮುಂದೆ ನಿಂತು ಓದಲಿ ಎಂದು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲೇ ಕೀಟನಾಶಕ ಕಂಪನಿಗಳಿಗೆ ಒಂದು ನಡವಳಿಕೆ ಸಂಹಿತೆ ಮಾಡಿದೆ. ಕಷ್ಟಕರವಾದ, ದುಬಾರಿಯಾದ ರಕ್ಷಣಾ ಉಡುಪು ತೊಟ್ಟೇ ಹೊಡೆಯಬೇಕಾದ ವಿಷವನ್ನು ಬಿಸಿಲ ನಾಡುಗಳ ಸಣ್ಣ ರೈತರಿಗೆ ಮಾರುವುದನ್ನು ತಪ್ಪಿಸಬೇಕು ಎನ್ನುವ ಮಾತು ಅದರಲ್ಲಿದೆ. ಕಂಪನಿಯ ದೊಡ್ಡವರು ಆಷಾಢದ ಮಧ್ಯಾಹ್ನ ಕಬ್ಬಿನ ಸಾಲಿನಲ್ಲಿ ಆ ಉಡುಪು ತೊಟ್ಟು ಒಂದು ಪಂಪು ಹೊಡೆದು ತೋರಿಸಿದರೆ ಬೆಳಗಲಿಯವರು ಮೆರವಣಿಗೆ ಮಾಡುತ್ತಾರೆ. ಸಂಹಿತೆ ಕಡ್ಡಾಯವಲ್ಲ.

ಕಡ್ಡಾಯದ ಕಾನೂನಿನ ಕಥೆಯೂ ಕೇಳಿ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕ, ಕಳೆನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತು. 2,4-ಡಿಯೂ ಅಟ್ರಾಜಿನ್ನೂ ಅದರಲ್ಲಿದ್ದವು. ಆಕ್ಷೇಪಣೆಗೆ ಕೊಟ್ಟ 45 ದಿನ 90 ದಿನವಾಯಿತು, ಉದ್ಯಮದವರ ಅಹವಾಲು ಹೋದವು, ಕೊನೆಗೆ ನಿಷೇಧವಾದವು ಬೆರಳೆಣಿಕೆಯಷ್ಟು. ನಮ್ಮ ಎರಡೂ ಉಳಿದುಕೊಂಡವು. 2022ರ ಅಕ್ಟೋಬರಿನಲ್ಲಿ ಗ್ಲೈಫೊಸೇಟನ್ನು ಪರವಾನಗಿ ಪಡೆದ ಕೀಟ ನಿಯಂತ್ರಣದವರು ಮಾತ್ರ ಹೊಡೆಯಬೇಕು ಎಂಬ ಅಧಿಸೂಚನೆ ಬಂತು. ಅದಕ್ಕಿಂತ ಮೊದಲೂ ಅದಕ್ಕೆ ಅನುಮತಿ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಬಾಗಲಕೋಟೆ ಜಿಲ್ಲೆಯಲ್ಲಿ ಚಹಾ ಎಲ್ಲಿ ಬೆಳೆಯುತ್ತದೋ ನನಗೆ ತಿಳಿಯದು. ಕೀಟ ನಿಯಂತ್ರಣದವರೆಂದರೆ ಪಟ್ಟಣದ ಮನೆಗಳ ಗೆದ್ದಲು, ಜಿರಲೆ ಓಡಿಸುವವರು. ಅವರು ನಮ್ಮ ಬದುವಿಗೆ ಬಂದದ್ದನ್ನೂ ನಾನು ನೋಡಿಲ್ಲ. ಅಂಗಡಿಯ ಕಪಾಟಂತೂ ಖಾಲಿಯಾಗಲಿಲ್ಲ.

ಕಾಸರಗೋಡಿನ ಕನ್ನಡ ಹಳ್ಳಿಗಳ ಕಥೆ ಇದಕ್ಕಿಂತ ಎಷ್ಟೋ ಘೋರ. ಅಲ್ಲಿಯದು ಕಳೆನಾಶಕವಲ್ಲ, ಎಂಡೋಸಲ್ಫಾನ್ ಕೀಟನಾಶಕ. ಗೇರು ತೋಟಗಳ ಮೇಲೆ ಕೇರಳ ಸರ್ಕಾರದ್ದೇ ಪ್ಲಾಂಟೇಶನ್ ನಿಗಮ 2000ದವರೆಗೆ ಎರಡು ದಶಕಕ್ಕೂ ಮೀರಿ ಹೆಲಿಕಾಪ್ಟರಿನಿಂದ ಸುರಿಸಿತು. ಮಕ್ಕಳ ಅಂಗವೈಕಲ್ಯವನ್ನು ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಜಗತ್ತಿಗೆ ತೋರಿಸಿದರು. ಸುಪ್ರೀಂ ಕೋರ್ಟ್ 2011ರಲ್ಲಿ ಆ ವಿಷವನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಕೇರಳ ಸರ್ಕಾರಕ್ಕೆ ಹೇಳಿತು. ಬೇಕಿದ್ದರೆ ತಯಾರಕರಿಂದ ವಸೂಲಿ ಮಾಡಿಕೊಳ್ಳಿ ಎಂದಿತು. ಅಲ್ಲಿಯೂ ಮೊದಲು ಜೇಬಿಗೆ ಕೈ ಹಾಕಬೇಕಾದವರು ಮಾರಿದವರಲ್ಲ.

ಹುಡುಗರು ಇಷ್ಟು ಕೇಳಿದ ಮೇಲೆ, "ಹಂಗಾದ್ರ ಎಣ್ಣಿ ಹೊಡಿಯೂದ ಬಿಡೂಣೇನ್ರಿ, ಅಜ್ಜಾ?" ಎನ್ನುತ್ತಾರೆ. ಈ ಪ್ರಶ್ನೆಯನ್ನು ನಾನು ಬಳೆಗಾರ ಆಯಿಗೇ ಒಮ್ಮೆ ಕೇಳಿದ್ದೆ. "ಎಣ್ಣಿ ಬಂದ ಮ್ಯಾಲ ಕೂಲಿ ಹೋತು, ಸೊಂಟ ಉಳೀತು. ಯಾವದ ಹೆಚ್ಚಂತ ಹೇಳ್ಲಿ, ತಮ್ಮಾ?" ಎಂದಿದ್ದಳು. ನಾನು ಆಕೆಗಿಂತ ಜಾಣನಲ್ಲ. ರವದಿಯನ್ನು ಸುಡದೆ ಸಾಲಿಗೆ ಹೊದಿಸಿದರೆ ಅರ್ಧ ಕಸ ಏಳುವುದಿಲ್ಲ ಎಂದು ಹೇಳುತ್ತೇನೆ. ಹೊಡೆಯಲೇಬೇಕಿದ್ದರೆ ಗಾಳಿ ಬಿದ್ದ ಮುಂಜಾನೆ ಹೊಡೆಯಿರಿ, ಎಸ್ಟರ್ ಮುಟ್ಟಬೇಡಿ, 2,4-ಡಿ ಹೊಡೆದ ಪಂಪನ್ನು ಬೇರೆ ಬೆಳೆಗೆ ಒಯ್ಯಬೇಡಿ ಎನ್ನುತ್ತೇನೆ. ಅಂಗಡಿಯವನು ಹೇಳಬೇಕಾದ್ದನ್ನು ಪಿಂಚಣಿಯ ಮಾಸ್ತರ ಬಿಟ್ಟಿಯಾಗಿ ಹೇಳುತ್ತಿದ್ದಾನೆ.

ಬಿಲ್ ತಗೊಳ್ಳಿ ಎಂದೂ ಹೇಳುತ್ತೇನೆ. ಬ್ಯಾಚ್ ನಂಬರ್ ಇರುವ ಬಿಲ್ ಇಲ್ಲದಿದ್ದರೆ ನಾಳೆ ಗ್ರಾಹಕರ ಆಯೋಗಕ್ಕೆ ಹೋದರೂ ಯಾವ ಡಬ್ಬಿ, ಯಾವ ಅಂಗಡಿ ಎಂದು ತೋರಿಸಲು ಏನೂ ಇರುವುದಿಲ್ಲ. ಹೋದ ಹಂಗಾಮಿನಲ್ಲಿ ತಂಗಿಯ ಮಗ ನನ್ನ ಮಾತು ಕಟ್ಟಿಕೊಂಡು ಪಟ್ಟಣದ ಅಂಗಡಿಯಲ್ಲಿ ಬಿಲ್ ಕೇಳಿದ. ಕೌಂಟರಿನಲ್ಲಿದ್ದವನು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡು, "ಬಿಲ್ ಬೇಕಂದ್ರ ರೇಟ್ ಬ್ಯಾರೆ ಆಕ್ಕೈತಿ" ಎಂದ. ಅಳಿಯ ಆ ರೇಟೇ ಕೊಟ್ಟ. ಬಿಲ್ಲಿನಲ್ಲಿ ಬ್ಯಾಚ್ ನಂಬರಿನ ಜಾಗ ಖಾಲಿ ಇತ್ತು. "ಇದನ್ನೂ ಬರೀರಿ" ಎಂದು ವಾಪಸ್ ಚಾಚಿದ. ಹಿಂದೆ ಸಾಲಿನಲ್ಲಿ ನಿಂತವರು "ಲಗೂ ಮಾಡಪಾ, ನಮಗೂ ಹೊಲಾ ಐತಿ" ಎಂದು ಗದರಿದರು. ಅಳಿಯ ಕದಲಲಿಲ್ಲ. ಕೌಂಟರಿನವನು ಕನ್ನಡಕ ಹುಡುಕಿ, ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಎಷ್ಟ ಸಣ್ಣ ಬರದಾರ್ರೀ ಇವ್ರು" ಎಂದು ಗೊಣಗುತ್ತಾ ನಂಬರ್ ಬರೆದುಕೊಟ್ಟ.